ಸಿಪ್ಯಾಪ್ ಒಗ್ಗುತ್ತಿಲ್ಲವೇ? ಲಕ್ಷಣ ನೋಡಿ ಕಾರಣ ಹಿಡಿಯುವ ಕೈಪಿಡಿ

ದುಡ್ಡು ಸುರಿದು ತಂದ ಸಿಪ್ಯಾಪ್ ಯಂತ್ರ ತಿಂಗಳೊಪ್ಪತ್ತಿನಲ್ಲಿ ಬೀರುವಿನ ಮೇಲೇರಿ ಧೂಳು ತಿನ್ನುತ್ತಿರುವ ಮನೆಗಳು ಬೇಕಾದಷ್ಟಿವೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ನನಗೆ ಅದು ಒಗ್ಗಲಿಲ್ಲ." ಒಗ್ಗದೇ ಹೋದದ್ದು ಯಂತ್ರವೋ, ಮಾಸ್ಕೋ, ಟ್ಯೂಬಿನಲ್ಲಿ ನಿಂತ ನೀರೋ, ಮೊದಲೇ ಕಟ್ಟಿದ್ದ ಮೂಗೋ ಎಂದು ಬಿಡಿಸಿ ನೋಡಿದವರು ಕಡಿಮೆ. ಬಿಡಿಸಿ ನೋಡಿದರೆ ಹೆಚ್ಚಿನ ತೊಂದರೆಗಳಿಗೆ ಕಾಸಿಲ್ಲದ ಪರಿಹಾರವಿರುತ್ತದೆ.

ಯಂತ್ರ ಮಾಡುವ ಕೆಲಸ ಇಷ್ಟೇ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಹೋಗದಂತೆ ಕೋಣೆಯ ಗಾಳಿಯನ್ನೇ ಎಳೆದು, ಸೋಸಿ, ತುಸು ಒತ್ತಡದಲ್ಲಿ ಒಳಗೆ ಕಳಿಸುತ್ತದೆ. ಅದು ಆಮ್ಲಜನಕದ ಯಂತ್ರವಲ್ಲ. ಒತ್ತಡವನ್ನು ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ ಹೇಳುತ್ತಾರೆ. ಸಾಮಾನ್ಯ ಯಂತ್ರಗಳಲ್ಲಿ ಅದು 4ರಿಂದ 20ರವರೆಗೆ ಇರುತ್ತದೆ. 10 ಸೆಂ.ಮೀ. ಎಂದರೆ ನಮ್ಮ ಸುತ್ತಲಿನ ವಾತಾವರಣದ ಒತ್ತಡದ ಶೇ. 1ರಷ್ಟು ಮಾತ್ರ. ಹಾಗಾಗಿ ಶ್ವಾಸಕೋಶ ಆರೋಗ್ಯವಾಗಿರುವವರು "ಒಳಗೆ ಏನಾದರೂ ಒಡೆದುಹೋದೀತೇ" ಎಂದು ಹೆದರಬೇಕಾಗಿಲ್ಲ.

ತೊಂದರೆಗಳ ಬೇರು ಸಾಮಾನ್ಯವಾಗಿ ಮೂರು: ಗಾಳಿ ಸೋರುವುದು, ಗಾಳಿ ಒಣಗಿರುವುದು, ಒತ್ತಡ ಹೊಂದದಿರುವುದು. ಇದೇ ಅನುಕ್ರಮದಲ್ಲಿ ಹುಡುಕಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡು ಮೂರು ರಾತ್ರಿ ನೋಡಿ, ಆಮೇಲೆ ಮುಂದಿನದಕ್ಕೆ ಕೈಹಾಕಿ. ಒಂದೇ ರಾತ್ರಿ ಮಾಸ್ಕೂ ಬದಲಿಸಿ, ತೇವಾಂಶವನ್ನೂ ಏರಿಸಿ, ದಿಂಬನ್ನೂ ತೆಗೆದರೆ ಯಾವುದರಿಂದ ಗುಣವಾಯಿತು ಎಂಬುದು ಬ್ರಹ್ಮನಿಗೂ ತಿಳಿಯುವುದಿಲ್ಲ. ಒತ್ತಡದ ಸಂಖ್ಯೆಯನ್ನು ಮಾತ್ರ ನೀವಾಗಿ ಮುಟ್ಟಬೇಡಿ. ಅದು ಔಷಧಿಯ ಪ್ರಮಾಣವಿದ್ದಂತೆ, ಬದಲಿಸುವುದು ವೈದ್ಯರ ಕೆಲಸ.

ಮೊದಲು ಇದನ್ನು ಓದಿ: ಯಂತ್ರ ನಿಲ್ಲಿಸಿ ವೈದ್ಯರನ್ನು ಕಾಣಬೇಕಾದ ಲಕ್ಷಣಗಳು

ಇದ್ದಕ್ಕಿದ್ದಂತೆ ಎದೆಯ ಒಂದು ಪಕ್ಕದಲ್ಲಿ ಚುಚ್ಚುವ ನೋವು, ಜೊತೆಗೆ ಏದುಸಿರು ಬಂದರೆ ಮಾಸ್ಕ್ ತೆಗೆದು ನೇರವಾಗಿ ಆಸ್ಪತ್ರೆಗೆ ಹೋಗಿ. ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡಾಗ ಹೀಗಾಗುತ್ತದೆ. ಇದು ಅಪರೂಪ, ಆದರೆ ಶ್ವಾಸಕೋಶದಲ್ಲಿ ಗಾಳಿಗುಳ್ಳೆಗಳಿರುವವರಿಗೆ, ಹಿಂದೊಮ್ಮೆ ಹೀಗೆ ಆಗಿದ್ದವರಿಗೆ ಅಪಾಯ ಹೆಚ್ಚು. ಎದೆ ಹಿಂಡಿದಂತಾಗಿ ಬೆವರು ಕಿತ್ತುಕೊಂಡರೂ ಅಷ್ಟೇ, ಇದು ಯಂತ್ರದಿಂದಲೋ ಹೃದಯದಿಂದಲೋ ಎಂದು ಮನೆಯಲ್ಲಿ ಕುಳಿತು ತರ್ಕ ಮಾಡಬೇಡಿ.

ತಲೆಗೆ ಪೆಟ್ಟು ಬಿದ್ದಮೇಲೆ, ಅಥವಾ ಮೂಗು, ಮಿದುಳು, ಸೈನಸ್ ಶಸ್ತ್ರಚಿಕಿತ್ಸೆಯ ನಂತರ ಮೂಗಿನಿಂದ ತಿಳಿನೀರಿನಂತೆ ತೊಟ್ಟಿಕ್ಕತೊಡಗಿದರೆ ಅದನ್ನು ನೆಗಡಿ ಎಂದುಕೊಳ್ಳಬೇಡಿ. ಅದು ಮಿದುಳನ್ನು ಸುತ್ತುವರಿದ ದ್ರವವಾಗಿರಬಹುದು. ಆಗ ಒತ್ತಡದ ಗಾಳಿ ಊದುವುದು ಅಪಾಯ. ಇಂಥ ಶಸ್ತ್ರಚಿಕಿತ್ಸೆ ಆದವರು ಯಂತ್ರವನ್ನು ಮತ್ತೆ ಯಾವಾಗ ಶುರುಮಾಡಬೇಕೆಂದು ಶಸ್ತ್ರವೈದ್ಯರನ್ನೇ ಕೇಳಬೇಕು.

ವಾಂತಿ ಬರುವಂತಿದ್ದರೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಹಾಕಿಕೊಂಡು ಮಲಗಬಾರದು. ವಾಂತಿ ಮಾಸ್ಕಿನಲ್ಲೇ ಉಳಿದು ಶ್ವಾಸನಾಳಕ್ಕೆ ಹೋಗುತ್ತದೆ. ತಾನಾಗಿ ಮಾಸ್ಕ್ ಕಿತ್ತು ತೆಗೆಯಲಾಗದ ಪಾರ್ಶ್ವವಾಯು ಪೀಡಿತರಿಗೆ, ಅರಿವಳಿಕೆಯ ಮಂಪರಿನಲ್ಲಿರುವವರಿಗೆ ಈ ಬಗೆಯ ಮಾಸ್ಕನ್ನು ಪಕ್ಕದಲ್ಲಿ ಯಾರೂ ಇಲ್ಲದೆ ಹಾಕಬಾರದು.

ಇನ್ನೊಂದು, ಅಂಗಡಿಯವರು ಹೇಳಲು ಮರೆಯುವ ಮಾತು. ಕೆಲವು ಮಾಸ್ಕುಗಳ ಪಟ್ಟಿಗೆ ಅಯಸ್ಕಾಂತದ ಕೊಂಡಿಗಳಿರುತ್ತವೆ. ಪೇಸ್‌ಮೇಕರ್, ಮಿದುಳಿನಲ್ಲಿ ಕೂರಿಸಿದ ಲೋಹದ ಕ್ಲಿಪ್ ಅಥವಾ ಷಂಟ್, ಕಾಕ್ಲಿಯರ್ ಸಾಧನ ಇರುವವರ ಹತ್ತಿರ ಈ ಅಯಸ್ಕಾಂತ ಬರಬಾರದು; ತಯಾರಕರು ಕನಿಷ್ಠ 15 ಸೆಂ.ಮೀ. ಅಂತರ ಇರಲಿ ಎನ್ನುತ್ತಾರೆ. ಪಕ್ಕದಲ್ಲಿ ಮಲಗುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಅಯಸ್ಕಾಂತವಿಲ್ಲದ ಮಾಸ್ಕುಗಳು ಸಿಗುತ್ತವೆ, ಕೇಳಿ ಪಡೆಯಿರಿ.

ಸುಯ್ಯೆನ್ನುವ ಸದ್ದು, ಬೆಳಿಗ್ಗೆ ಕೆಂಗಣ್ಣು, ಮೂಗಿನ ಏಣಿನ ಮೇಲೆ ಗಾಯ

ಮೂರೂ ಬೇರೆ ಬೇರೆ ಕಾಯಿಲೆಯಂತೆ ಕಂಡರೂ ಬೇರು ಒಂದೇ: ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿಲ್ಲ. ಮಾಸ್ಕಿನ ಮೇಲ್ತುದಿಯಿಂದ ಸೋರಿದ ಗಾಳಿ ರಾತ್ರಿಯಿಡೀ ಕಣ್ಣಿಗೆ ಬಡಿದು ಕಣ್ಣು ಉರಿಯುತ್ತದೆ, ಕೆಂಪಾಗುತ್ತದೆ. ಸೋರಿಕೆ ನಿಲ್ಲಿಸಲು ಪಟ್ಟಿ ಬಿಗಿದರೆ ಮೂಗಿನ ಮೇಲೆ ಚರ್ಮ ಕಿತ್ತುಬರುತ್ತದೆ.

ಬಿಗಿಯುವುದೇ ಇಲ್ಲಿನ ದೊಡ್ಡ ತಪ್ಪು ತಿಳಿವಳಿಕೆ. ಮಾಸ್ಕಿನ ಅಂಚಿನಲ್ಲಿರುವ ಸಿಲಿಕೋನ್ ಮೆತ್ತೆಯನ್ನು ಬೆರಳಿನಿಂದ ಒಮ್ಮೆ ಬಿಡಿಸಿ ನೋಡಿ. ಎಷ್ಟೋ ಮಾಸ್ಕುಗಳಲ್ಲಿ ಅದು ಎರಡು ಪದರ. ಹೊರಗಿನದು ಈರುಳ್ಳಿ ಸಿಪ್ಪೆಯಷ್ಟು ತೆಳು. ಯಂತ್ರ ಶುರುವಾದಾಗ ಆ ತೆಳು ಪದರ ಗಾಳಿ ತುಂಬಿ ಉಬ್ಬಿ ಕೆನ್ನೆಯ ಏರುತಗ್ಗುಗಳಿಗೆ ಅಂಟಿಕೊಳ್ಳಬೇಕು. ಪಟ್ಟಿ ಬಿಗಿದಷ್ಟೂ ಅದು ಮಡಚಿಕೊಂಡು ಚಪ್ಪಟೆಯಾಗುತ್ತದೆ, ಮಡಿಕೆಯಿಂದ ಗಾಳಿ ಇನ್ನಷ್ಟು ಸೋರುತ್ತದೆ.

ಕೂರಿಸುವ ಬಗೆ ಹೀಗೆ. ಕನ್ನಡಿ ಮುಂದೆ ನಿಂತು ಅಲ್ಲ, ನೀವು ಮಲಗುವ ಭಂಗಿಯಲ್ಲೇ, ನಿಮ್ಮದೇ ದಿಂಬಿನ ಮೇಲೆ ಮಲಗಿ. ಮಲಗಿದಾಗ ಮುಖದ ಮಾಂಸ ಬೇರೆಯೇ ಆಕಾರಕ್ಕೆ ಜಾರುತ್ತದೆ. ಯಂತ್ರ ಚಾಲೂ ಮಾಡಿ. ಮಾಸ್ಕ್ ಪರೀಕ್ಷೆಯ ಸೌಲಭ್ಯ ಯಂತ್ರದಲ್ಲಿದ್ದರೆ ಅದನ್ನು ಒತ್ತಿ, ಆಗ ಅದು ಹೆಚ್ಚಿನ ಒತ್ತಡದಲ್ಲೇ ಊದುತ್ತದೆ. ಎಲ್ಲ ಪಟ್ಟಿಗಳನ್ನೂ ಸಡಿಲಿಸಿ. ಮಾಸ್ಕನ್ನು ಮುಖದಿಂದ ಒಂದು ಬೆರಳಿನಷ್ಟು ಮುಂದಕ್ಕೆಳೆದು, ಮೆತ್ತೆ ಉಬ್ಬಲು ಬಿಟ್ಟು, ಮೆಲ್ಲಗೆ ಮತ್ತೆ ಇಳಿಸಿ. ಈಗ ಮೇಲಿನ ಎರಡು, ನಂತರ ಕೆಳಗಿನ ಎರಡು ಪಟ್ಟಿಗಳನ್ನು ಸದ್ದು ನಿಲ್ಲುವಷ್ಟು ಮಾತ್ರ ಎಳೆಯಿರಿ. ಪಟ್ಟಿಯಡಿ ಎರಡು ಬೆರಳು ಸುಲಭವಾಗಿ ತೂರಬೇಕು.

ಇಷ್ಟಾದರೂ ಸೋರುತ್ತಿದ್ದರೆ ಮುಖ ನೋಡಿ. ಮಲಗುವ ಮುಂಚೆ ಕೊಬ್ಬರಿ ಎಣ್ಣೆ, ಕೋಲ್ಡ್ ಕ್ರೀಮ್ ಹಚ್ಚಿಕೊಂಡಿದ್ದೀರಾ? ಎಣ್ಣೆ ಹಚ್ಚಿದ ಮುಖದ ಮೇಲೆ ಸಿಲಿಕೋನ್ ಜಾರುತ್ತದೆ, ದಿನಗಳೆದಂತೆ ಹಾಳೂ ಆಗುತ್ತದೆ. ಎಣ್ಣೆ ಹಚ್ಚುವುದಿದ್ದರೆ ಬೆಳಿಗ್ಗೆ ಹಚ್ಚಿ; ರಾತ್ರಿ ಮುಖ ತೊಳೆದು ಒರೆಸಿಕೊಂಡು ಮಾಸ್ಕ್ ಹಾಕಿ. ದಪ್ಪ ಮೀಸೆ, ಗಡ್ಡವಿರುವವರಿಗೆ ಮೂಗಿನ ಹೊಳ್ಳೆಗಷ್ಟೇ ಕೂರುವ ಪಿಲ್ಲೋ ಮಾಸ್ಕ್ ಅನುಕೂಲ. ಹಿರಿಯರ ವಿಷಯದಲ್ಲಿ ಇನ್ನೊಂದನ್ನು ಕೇಳಿ: ಮಾಸ್ಕಿನ ಅಳತೆ ತೆಗೆದುಕೊಂಡಾಗ ಹಲ್ಲುಸೆಟ್ಟು ಹಾಕಿಕೊಂಡಿದ್ದರೇ? ರಾತ್ರಿ ಅದನ್ನು ಬಿಚ್ಚಿಟ್ಟ ಮೇಲೆ ಕೆನ್ನೆ ಒಳಕ್ಕೆ ಕುಸಿದು, ಹಗಲಿನ ಅಳತೆ ರಾತ್ರಿಗೆ ದೊಡ್ಡದಾಗಿರುತ್ತದೆ.

ಮೆತ್ತೆಯನ್ನು ಪ್ರತಿದಿನ ಮೃದು ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಆರಿಸಿ. ಅದು ಬಿರುಸಾಗಿದ್ದರೆ, ಹಳದಿಯಾಗಿದ್ದರೆ, ಹರಿದಿದ್ದರೆ ಮೆತ್ತೆಯೊಂದನ್ನೇ ಬದಲಿಸಬಹುದು, ಇಡೀ ಮಾಸ್ಕ್ ಕೊಳ್ಳಬೇಕಿಲ್ಲ.

ಮೂಗಿನ ಮೇಲಿನ ಗುರುತು ಎದ್ದ ಅರ್ಧ ಗಂಟೆಯಲ್ಲಿ ಮಾಯವಾದರೆ ಚಿಂತೆಯಿಲ್ಲ. ಮಧ್ಯಾಹ್ನದವರೆಗೂ ಉಳಿದರೆ ಬಿಗಿ ಜಾಸ್ತಿ. ಚರ್ಮ ಒಡೆದರೆ ಆ ಮಾಸ್ಕನ್ನು ಗಾಯ ಮಾಯುವವರೆಗೆ ಬಿಟ್ಟು ಬೇರೆ ಜಾಗಕ್ಕೆ ಒತ್ತುವ ಮಾದರಿ ಬಳಸಿ. ಸಕ್ಕರೆ ಕಾಯಿಲೆಯವರು ಇಂಥ ಗಾಯವನ್ನು ವೈದ್ಯರಿಗೆ ತೋರಿಸಲೇಬೇಕು. ಮೆತ್ತೆಯ ಆಕಾರದಲ್ಲೇ ತುರಿಕೆಯ ದದ್ದು ಎದ್ದರೆ ಮೊದಲು ಸೋಪು ಸರಿಯಾಗಿ ಹೋಗಿದೆಯೇ ನೋಡಿ. ಸೋರಿಕೆ ನಿಂತು ವಾರವಾದರೂ ಕಣ್ಣು ಕೆಂಪಾಗಿಯೇ ಇದ್ದರೆ, ಪಿಸಿರು ಕಟ್ಟುತ್ತಿದ್ದರೆ, ದೃಷ್ಟಿ ಮಂಜಾದರೆ ಕಣ್ಣಿನ ವೈದ್ಯರ ಬಳಿ ಹೋಗಿ.

ಒಂದು ಎಚ್ಚರಿಕೆ. ಮಾಸ್ಕಿನ ಮುಂಭಾಗದಲ್ಲೋ ಟ್ಯೂಬ್ ಸೇರುವ ಬಾಗಿದ ಕೊಂಡಿಯಲ್ಲೋ ಸಣ್ಣ ತೂತುಗಳಿರುತ್ತವೆ. ಅಲ್ಲಿ ಕೈಯಿಟ್ಟರೆ ಸದಾ ಗಾಳಿ ತಾಕುತ್ತದೆ. ಅದು ಸೋರಿಕೆಯಲ್ಲ. ನೀವು ಬಿಟ್ಟ ಉಸಿರು ಹೊರಹೋಗಬೇಕಾದ ದಾರಿಯೇ ಅದು. ಸದ್ದು ಬರುತ್ತದೆಂದು, ಪಕ್ಕದವರಿಗೆ ತಣ್ಣನೆ ಗಾಳಿ ಬಡಿಯುತ್ತದೆಂದು ಅದಕ್ಕೆ ಟೇಪು ಅಂಟಿಸುವವರಿದ್ದಾರೆ. ಹಾಗೆ ಮಾಡಿದರೆ ಬಿಟ್ಟ ಇಂಗಾಲದ ಡೈಆಕ್ಸೈಡನ್ನೇ ಮತ್ತೆ ಒಳಗೆಳೆದುಕೊಳ್ಳುತ್ತೀರಿ. ಎಂದೂ ಮಾಡಬೇಡಿ.

ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ

ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯಿತು: ಒಣಗುವುದು ಬಾಯಿ ಮಾತ್ರವೋ, ಮೂಗೂ ಉರಿಯುತ್ತದೆಯೋ? ಬಾಯಿ ಮಾತ್ರ ಒಣಗಿ ಮೂಗು ಹಾಯಾಗಿದ್ದರೆ ನಿದ್ದೆಯಲ್ಲಿ ಬಾಯಿ ತೆರೆದುಕೊಂಡು ಗಾಳಿಯೆಲ್ಲ ಅಲ್ಲಿಂದ ಹೊರಟುಹೋಗುತ್ತಿದೆ. ಎರಡೂ ಒಣಗುತ್ತಿದ್ದರೆ ಗಾಳಿಯಲ್ಲಿ ತೇವ ಸಾಲದು.

ತೇವ ಸಾಲದಿದ್ದರೆ ಹ್ಯೂಮಿಡಿಫೈಯರ್ (ತೊಟ್ಟಿಯ ನೀರನ್ನು ಬೆಚ್ಚಗಾಗಿಸಿ ಗಾಳಿಗೆ ತೇವ ಕೊಡುವ ಭಾಗ) ಒಂದು ಅಂಕ ಏರಿಸಿ. ಬೆಳಿಗ್ಗೆ ತೊಟ್ಟಿಯಲ್ಲಿ ನೀರು ಇಳಿದೇ ಇಲ್ಲವೆಂದರೆ ಬಿಸಿತಟ್ಟೆ ಕೆಲಸ ಮಾಡುತ್ತಿಲ್ಲ ಎಂದರ್ಥ, ತಂತ್ರಜ್ಞರಿಗೆ ತೋರಿಸಿ. ಬಾಯಿ ತೆರೆಯುತ್ತಿದ್ದರೆ ಮೊದಲು ಮೂಗು ಕಟ್ಟಿದೆಯೇ ನೋಡಿ; ಮೂಗು ಕಟ್ಟಿದವರು ಬಾಯಿ ತೆರೆಯದೆ ಏನು ಮಾಡಿಯಾರು? ಮೂಗು ಸರಿಯಿದ್ದೂ ದವಡೆ ಜಾರುತ್ತಿದ್ದರೆ ಗಲ್ಲಕ್ಕೆ ಕಟ್ಟುವ ಪಟ್ಟಿ ಕೆಲವರಿಗೆ ಹೊಂದುತ್ತದೆ. ಅದೂ ಆಗದಿದ್ದರೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್. ಬಾಯಿಗೆ ಟೇಪು ಅಂಟಿಸುವ ಹೊಸ ಹುಚ್ಚು ನನಗೆ ಸರಿಕಾಣುವುದಿಲ್ಲ. ಮೂಗು ಕಟ್ಟಿದ ರಾತ್ರಿ, ವಾಂತಿ ಬಂದ ರಾತ್ರಿ ಅದು ಜೀವಕ್ಕೇ ಎರವಾದೀತು.

ಅಲರ್ಜಿ ಮಾತ್ರೆ, ಖಿನ್ನತೆಯ ಕೆಲವು ಔಷಧಿ, ಮೂತ್ರ ಹೆಚ್ಚಿಸುವ ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ಸಕ್ಕರೆ ಏರಿದರೂ ಒಣಗುತ್ತದೆ. ಯಂತ್ರ ಬರುವ ಮುಂಚೆಯೇ ಈ ಕಾಟ ಇತ್ತೇ ಎಂದು ನೆನಪಿಸಿಕೊಳ್ಳಿ.

ಮೂಗು ಕಟ್ಟುವುದು, ಸೀನು, ಮೂಗಿನಿಂದ ರಕ್ತ

ಸಿಪ್ಯಾಪ್ ಬಿಟ್ಟವರ ದೂರುಗಳಲ್ಲಿ ಮೂಗಿನದೇ ದೊಡ್ಡ ಪಾಲು. ತಂಪಾದ ಒಣಗಾಳಿ ರಭಸದಿಂದ ಬಂದಾಗ ಮೂಗಿನ ಒಳಪೊರೆ ಊದಿಕೊಂಡು ನೀರು ಸುರಿಸುವುದು ಅದರ ಸಹಜ ಪ್ರತಿಕ್ರಿಯೆ. ಆದರೆ ಯಂತ್ರದ ಮೇಲೆ ತಪ್ಪು ಹೊರಿಸುವ ಮುಂಚೆ ಅದು ಯಾವ ಗಾಳಿಯನ್ನು ಎಳೆಯುತ್ತಿದೆ ನೋಡಿ. ಸಂಜೆ ದೇವರ ಮುಂದೆ ಹಚ್ಚಿದ ಅಗರಬತ್ತಿ, ಸಾಂಬ್ರಾಣಿ ಹೊಗೆ, ಮಂಚದ ಕೆಳಗಿನ ಸೊಳ್ಳೆಬತ್ತಿ, ಅಡುಗೆಮನೆಯಿಂದ ಬರುವ ಮೆಣಸಿನಕಾಯಿ ಒಗ್ಗರಣೆಯ ಘಾಟು ಎಲ್ಲವೂ ಟ್ಯೂಬಿನ ಮೂಲಕ ನೇರವಾಗಿ ಮೂಗಿಗೆ ಬರುತ್ತವೆ. ಸಾಮಾನ್ಯ ಫಿಲ್ಟರ್ ಧೂಳನ್ನು ತಡೆಯುತ್ತದೆ, ಹೊಗೆಯ ವಾಸನೆಯನ್ನಲ್ಲ. ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ ಬಿಟ್ಟು ಸೊಳ್ಳೆಪರದೆ ಕಟ್ಟಿಕೊಂಡ ಮಾತ್ರಕ್ಕೆ ಸೀನು ನಿಂತೀತು.

ಆಮೇಲೆ ಫಿಲ್ಟರ್ ಹೊರತೆಗೆಯಿರಿ. ಬಿಳಿಯಿದ್ದದ್ದು ಬೂದಿಬಣ್ಣಕ್ಕೆ ತಿರುಗಿದ್ದರೆ ಅದರ ಆಯುಸ್ಸು ಮುಗಿದಿದೆ. ಕಾಗದದಂಥ ಬಿಳಿ ಫಿಲ್ಟರನ್ನು ತೊಳೆದು ಮತ್ತೆ ಹಾಕಬಾರದು. ಸ್ಪಂಜಿನಂಥದ್ದನ್ನು ತೊಳೆಯಬಹುದು, ಪೂರ್ತಿ ಒಣಗಿಸಿ ಹಾಕಿ. ಕಾಮಗಾರಿ ನಡೆಯುವ ರಸ್ತೆಯ ಪಕ್ಕದ ಮನೆಯಲ್ಲಿ ಫಿಲ್ಟರ್ ತಿಂಗಳೂ ಬಾಳುವುದಿಲ್ಲ.

ಮೂರನೆಯದು ಉಪ್ಪುನೀರಿನ ಸ್ಪ್ರೇ. ಔಷಧಿ ಅಂಗಡಿಯಲ್ಲಿ ಸಿಗುವ ಸಲೈನ್ ಸ್ಪ್ರೇಯನ್ನು ಮಲಗುವ ಮುಂಚೆ ಎರಡೂ ಹೊಳ್ಳೆಗೆ ಹೊಡೆದುಕೊಳ್ಳಿ. ಜಲನೇತಿ ಮಾಡುವ ಅಭ್ಯಾಸವಿದ್ದರೆ ಕುದಿಸಿ ಆರಿಸಿದ ನೀರನ್ನೇ ಬಳಸಿ. ನಲ್ಲಿ, ಬಾವಿ, ಬೋರ್‌ವೆಲ್ ನೀರು ಕುಡಿಯಲು ಯೋಗ್ಯವಿದ್ದರೂ ಮೂಗಿಗೆ ಯೋಗ್ಯವಲ್ಲ. ಅದರಲ್ಲಿರಬಹುದಾದ ಒಂದು ಜಾತಿಯ ಅಮೀಬಾ ಮೂಗಿನಿಂದ ಮಿದುಳಿಗೆ ಏರಿ ಪ್ರಾಣ ತೆಗೆಯುತ್ತದೆ.

ಮೂಗು ತಕ್ಷಣ ಬಿಡಿಸುವ ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಹನಿಗಳ ವಿಷಯದಲ್ಲಿ ಹುಷಾರು. ನಾಲ್ಕೈದು ದಿನ ಮೀರಿ ಬಳಸಿದರೆ ಹನಿ ಬಿಟ್ಟೊಡನೆ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ, ಮತ್ತೆ ಹನಿ ಬೇಕೆನಿಸುತ್ತದೆ. ಅಲರ್ಜಿ ಇರುವವರಿಗೆ ವೈದ್ಯರು ಬರೆಯುವ ಸ್ಟೀರಾಯ್ಡ್ ಸ್ಪ್ರೇ ಬೇರೆ ಬಗೆಯದು. ಅದು ಇಂದು ಹೊಡೆದು ಇಂದೇ ಫಲ ಕಾಣುವಂಥದ್ದಲ್ಲ, ಹಲವು ದಿನ ಬಿಡದೆ ಬಳಸಬೇಕು. ಸದಾ ಒಂದೇ ಹೊಳ್ಳೆ ಕಟ್ಟುತ್ತಿದ್ದರೆ ಮೂಗಿನ ನಡುಗೋಡೆ ಓರೆಯಾಗಿರಬಹುದು, ಒಳಗೆ ಮಾಂಸ ಬೆಳೆದಿರಬಹುದು. ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.

ಸಿಂಬಳದಲ್ಲಿ ರಕ್ತದ ಗೆರೆ ಕಂಡರೆ ಅದು ಒಣಗುವಿಕೆಯ ಗುರುತು, ತೇವಾಂಶ ಏರಿಸಿ. ರಕ್ತ ಸುರಿಯತೊಡಗಿದರೆ ಮಾಸ್ಕ್ ತೆಗೆದು, ಕುಳಿತು ಮುಂದಕ್ಕೆ ಬಾಗಿ, ಮೂಗಿನ ಮೆದು ಭಾಗವನ್ನು 10ರಿಂದ 15 ನಿಮಿಷ ಬಿಡದೆ ಒತ್ತಿಹಿಡಿಯಿರಿ. ತಲೆ ಹಿಂದಕ್ಕೆ ವಾಲಿಸುವ ಹಳೆಯ ಪದ್ಧತಿ ತಪ್ಪು, ರಕ್ತ ಗಂಟಲಿಗೆ ಇಳಿಯುತ್ತದೆ. ಇಷ್ಟಾದರೂ ನಿಲ್ಲದಿದ್ದರೆ, ಅಥವಾ ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ಆಸ್ಪತ್ರೆಗೆ ಹೋಗಿ.

ಜೋರು ನೆಗಡಿಯಾದ ರಾತ್ರಿ ಯಂತ್ರ ಹಾಕಿಕೊಳ್ಳಲು ಆಗದಿದ್ದರೆ ತಲೆ ಎತ್ತರಿಸಿ ಪಕ್ಕಕ್ಕೆ ಮಲಗಿ. ನಿದ್ದೆ ಮಾತ್ರೆಯನ್ನೂ ಮದ್ಯವನ್ನೂ ಆ ರಾತ್ರಿ ಮುಟ್ಟಲೇಬೇಡಿ.

ಟ್ಯೂಬಿನಲ್ಲಿ ಗುಳುಗುಳು, ಮುಖಕ್ಕೆ ನೀರು

ನಡುರಾತ್ರಿ ಹುಕ್ಕಾದಂತೆ ಗುಳುಗುಳು ಸದ್ದು, ಹಿಂದೆಯೇ ಮೂಗಿಗೆ ತಣ್ಣೀರಿನ ಸಿಂಚನ. ಮಲೆನಾಡಿನ ಮಳೆಗಾಲದಲ್ಲಿ, ಬೆಂಗಳೂರಿನ ಡಿಸೆಂಬರಿನಲ್ಲಿ, ಎ.ಸಿ. ಹಾಕಿದ ಕೋಣೆಯಲ್ಲಿ ಇದು ಮಾಮೂಲು. ಬೆಚ್ಚಗಿನ ತೇವದ ಗಾಳಿ ತಣ್ಣನೆ ಟ್ಯೂಬಿನಲ್ಲಿ ಹಾದುಬರುವಾಗ ಆವಿ ನೀರಾಗುತ್ತದೆ. ಯಂತ್ರ ಕೆಟ್ಟಿಲ್ಲ.

ಮೊದಲು ಯಂತ್ರವನ್ನು ತಲೆಯ ಮಟ್ಟಕ್ಕಿಂತ ಕೆಳಗಿಡಿ. ಕಟ್ಟಿದ ನೀರು ಮುಖಕ್ಕೆ ಬರುವ ಬದಲು ತೊಟ್ಟಿಗೆ ಹಿಂದಿರುಗುತ್ತದೆ. ಫ್ಯಾನಿನ ಗಾಳಿ ಟ್ಯೂಬಿಗೆ ನೇರವಾಗಿ ಬೀಳದಿರಲಿ. ಟ್ಯೂಬನ್ನು ಹೊದಿಕೆಯೊಳಗೆ ಹಾಯಿಸಿ, ಇಲ್ಲವೇ ಹಳೆಯ ಬಟ್ಟೆಯ ಚೀಲ ಹೊಲಿದು ತೊಡಿಸಿ. ಇಷ್ಟಕ್ಕೂ ನಿಲ್ಲದಿದ್ದರೆ ತೇವಾಂಶ ಒಂದು ಅಂಕ ಇಳಿಸಿ. ಇಳಿಸಿದರೆ ಮೂಗು ಒಣಗುತ್ತದೆ, ಏರಿಸಿದರೆ ನೀರು ಕಟ್ಟುತ್ತದೆ ಎಂಬ ಇಕ್ಕಟ್ಟಿಗೆ ಬಂದಾಗ ಮಾತ್ರ ಒಳಗೆ ಬಿಸಿತಂತಿ ಇರುವ ಟ್ಯೂಬಿಗೆ ದುಡ್ಡು ಹಾಕಿ. ಅದು ನಿಮ್ಮ ಯಂತ್ರಕ್ಕೆ ಹೊಂದುತ್ತದೆಯೇ ಎಂದು ಮೊದಲು ಕೇಳಿ.

ತೊಟ್ಟಿಗೆ ಡಿಸ್ಟಿಲ್ಡ್ ನೀರು ಹಾಕುವುದು ಒಳ್ಳೆಯದು. ಬೋರ್‌ವೆಲ್ಲಿನ ಗಡಸು ನೀರು ಕೆಲವೇ ವಾರಗಳಲ್ಲಿ ತೊಟ್ಟಿಯ ತಳಕ್ಕೆ ಸುಣ್ಣದ ಪದರ ಕಟ್ಟುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಲವಣಗಳು ಪೂರ್ತಿ ಹೋಗುವುದಿಲ್ಲ. ಊರಿಗೆ ಹೋದಾಗ ಒಂದೆರಡು ರಾತ್ರಿಗೆ ಆರ್‌.ಒ. ನೀರು ಕುದಿಸಿ ಆರಿಸಿ ಹಾಕಿದರೆ ನಷ್ಟವಿಲ್ಲ. ಗ್ಯಾರೇಜಿನ ಬ್ಯಾಟರಿ ನೀರು ಬೇಡ, ಅದು ಉಸಿರಾಟಕ್ಕೆಂದು ಮಾಡಿದ್ದಲ್ಲ. ನೀಲಗಿರಿ ತೈಲ, ನೋವಿನ ಬಾಮು, ಕರ್ಪೂರ ಯಾವುದನ್ನೂ ತೊಟ್ಟಿಗೆ ಹಾಕಬಾರದು. ಬೆಳಿಗ್ಗೆ ಉಳಿದ ನೀರು ಚೆಲ್ಲಿ, ತೊಟ್ಟಿಯನ್ನು ಬೋರಲು ಹಾಕಿ ಒಣಗಿಸಿ. ನೀರು ತುಂಬಿದ ತೊಟ್ಟಿಯೊಂದಿಗೆ ಯಂತ್ರವನ್ನು ಎತ್ತಿಕೊಂಡು ಹೋಗಬೇಡಿ; ಸ್ವಲ್ಪ ವಾಲಿದರೂ ನೀರು ಮೋಟಾರಿಗೆ ಇಳಿಯುತ್ತದೆ.

ಹೊಟ್ಟೆ ಉಬ್ಬರ, ಎಡೆಬಿಡದ ತೇಗು

ಗಾಳಿ ಶ್ವಾಸನಾಳಕ್ಕೆ ಹೋಗುವ ಬದಲು ಅನ್ನನಾಳಕ್ಕೆ ಇಳಿದಿದೆ. ಬೆಳಿಗ್ಗೆ ಹೊಟ್ಟೆ ಡೋಲಿನಂತಾಗಿ ತೇಗು, ಅಪಾನವಾಯು ಹೋದಮೇಲೆ ಹಗುರಾದರೆ ಇದೇ ಕಾರಣ. ರಾತ್ರಿ ಊಟವನ್ನು ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ಮುಗಿಸಿ, ಎಡಮಗ್ಗುಲಿಗೆ ಮಲಗಿ, ಮಂಚದ ತಲೆಭಾಗ ಎತ್ತರಿಸಿ ನೋಡಿ. ಎದೆಯುರಿ ಮೊದಲಿನಿಂದಲೂ ಇದ್ದರೆ ಅದಕ್ಕೆ ಚಿಕಿತ್ಸೆ ಪಡೆಯಿರಿ. ಮೂಗು ಕಟ್ಟಿದಾಗ, ಗಾಳಿ ಸೋರಿದಾಗ ಒತ್ತಡವನ್ನು ತಾವೇ ಹೊಂದಿಸಿಕೊಳ್ಳುವ ಆಟೊ ಯಂತ್ರಗಳು ಅದನ್ನು ಬೇಕಿಲ್ಲದಷ್ಟು ಏರಿಸಿಬಿಡುವುದುಂಟು. ಆದ್ದರಿಂದ ಮೇಲಿನ ಎರಡು ವಿಷಯಗಳನ್ನು ಸರಿಪಡಿಸಿಕೊಂಡೇ ಇಲ್ಲಿಗೆ ಬನ್ನಿ. ಉಬ್ಬರ ಉಳಿದರೆ ವೈದ್ಯರು ಒತ್ತಡದ ಮೇಲ್ಮಿತಿ ಇಳಿಸಬಹುದು, ಅಥವಾ ಉಸಿರು ಬಿಡುವಾಗ ಒತ್ತಡ ಇಳಿಸುವ ಬೇರೆ ಯಂತ್ರ ಸೂಚಿಸಬಹುದು. ಹೊಟ್ಟೆ ಗಟ್ಟಿಯಾಗಿ ತೀವ್ರ ನೋವು, ವಾಂತಿ ಬಂದರೆ ಕಾಯಬೇಡಿ.

ಉಸಿರು ಕಟ್ಟಿದ ಭಾವ, ಮಾಸ್ಕ್ ಕಂಡರೆ ಗಾಬರಿ

ಇಲ್ಲೂ ಕಷ್ಟ ಯಾವ ಕಡೆಯದೆಂದು ನೋಡಿಕೊಳ್ಳಿ. ಮಲಗಿದ ಹೊಸದರಲ್ಲಿ ಒಳಗೆಳೆದುಕೊಳ್ಳಲು ಗಾಳಿ ಸಾಲದೆನಿಸಿದರೆ ಯಂತ್ರ ತೀರಾ ಕಡಿಮೆ ಒತ್ತಡದಿಂದ ಆರಂಭವಾಗುತ್ತಿದೆ, 4 ಸೆಂ.ಮೀ. ಎಷ್ಟೋ ಜನರಿಗೆ ಉಸಿರು ಕಟ್ಟಿಸುತ್ತದೆ. ಆರಂಭದ ಅಂಕವನ್ನು ತುಸು ಏರಿಸಲು ವೈದ್ಯರನ್ನು ಕೇಳಿ. ಒಳಗೆಳೆಯುವುದು ಸುಲಭ, ಹೊರಬಿಡುವುದೇ ಕಷ್ಟ ಎಂದರೆ ಉಸಿರು ಬಿಡುವಾಗ ಒತ್ತಡವನ್ನು 1ರಿಂದ 3 ಸೆಂ.ಮೀ.ನಷ್ಟು ಇಳಿಸುವ ಸೌಲಭ್ಯ ಬೇಕು. ಹೆಚ್ಚಿನ ಹೊಸ ಯಂತ್ರಗಳಲ್ಲಿ ಅದು ಇರುತ್ತದೆ, ಯಾರೂ ಚಾಲೂ ಮಾಡಿರುವುದಿಲ್ಲ.

ಮುಖ ಮುಚ್ಚಿದ್ದೇ ಭಯ ಎನ್ನುವವರು ಹಗಲಿನಲ್ಲಿ ಅಭ್ಯಾಸ ಮಾಡಬೇಕು. ಟ್ಯೂಬಿಲ್ಲದೆ ಮಾಸ್ಕನ್ನು ಕೈಯಲ್ಲೇ ಮುಖಕ್ಕೆ ಹಿಡಿದು ಟಿ.ವಿ. ನೋಡಿ, ಮರುದಿನ ಪಟ್ಟಿ ಕಟ್ಟಿ, ಆಮೇಲೆ ಗಾಳಿ ಬಿಟ್ಟುಕೊಂಡು, ಆಮೇಲೆ ಮಧ್ಯಾಹ್ನದ ಒಂದು ಸಣ್ಣ ನಿದ್ದೆ. 1980-81ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಈ ಚಿಕಿತ್ಸೆಯನ್ನು ಆರಂಭಿಸಿದ ಕಾಲದಲ್ಲಿ ರೋಗಿಗಳು ರಾತ್ರಿ ರಾತ್ರಿ ಮಾಸ್ಕನ್ನು ಮೂಗಿಗೆ ಅಂಟಿನಿಂದ ಅಂಟಿಸಿಕೊಳ್ಳಬೇಕಾಗಿತ್ತು. ಅದಕ್ಕೆ ಹೋಲಿಸಿದರೆ ಇಂದಿನ ಪಿಲ್ಲೋ ಮಾಸ್ಕ್ ಹೂವಿನಷ್ಟು ಹಗುರ; ಗಾಬರಿ ಇರುವವರು ಅದನ್ನೇ ಕೇಳಿ.

ಮೊದಲ ವಾರಗಳಲ್ಲಿ ಬಣ್ಣಬಣ್ಣದ ಕನಸುಗಳು ಮುತ್ತಿಕೊಂಡರೆ ಹೆದರಬೇಡಿ. ವರ್ಷಗಟ್ಟಲೆ ಮುರಿದುಬೀಳುತ್ತಿದ್ದ ಕನಸಿನ ನಿದ್ದೆ ತನ್ನ ಬಾಕಿ ವಸೂಲಿ ಮಾಡಿಕೊಳ್ಳುತ್ತಿದೆ.

ಬೆಳಗಿನ ತಲೆನೋವು, ಕಿವಿ ಕಟ್ಟುವುದು

ಹಣೆ, ಕೆನ್ನೆ ಭಾರವಾಗಿ ಬಗ್ಗಿದರೆ ನೋವು ಹೆಚ್ಚಾದರೆ ಸೈನಸ್. ಪಟ್ಟಿ ಹಾದುಹೋಗುವ ಗೆರೆಯಲ್ಲೇ ನೋವಿದ್ದರೆ ಪಟ್ಟಿ ಬಿಗಿ. ಕಿವಿ ಕಟ್ಟಿದರೆ ಮೂಗಿನ ಚಿಕಿತ್ಸೆಯೇ ಕಿವಿಗೂ ಚಿಕಿತ್ಸೆ. ಕಿವಿ ಸೋರಿದರೆ, ಕೇಳಿಸುವುದು ಕಡಿಮೆಯಾದರೆ ವೈದ್ಯರಿಗೆ ತೋರಿಸಿ. ಪ್ರತಿದಿನ ಎದ್ದೊಡನೆ ತಲೆ ಮಂಕಾಗಿ ನೋಯುತ್ತಿದ್ದು ಗಂಟೆಯೊಳಗೆ ಹೋಗುತ್ತಿದ್ದರೆ ಅಪ್ನಿಯಾ (ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ) ಪೂರ್ತಿ ಹತೋಟಿಗೆ ಬಂದಿಲ್ಲ, ಅಥವಾ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಉಳಿಯುತ್ತಿದೆ. ತೀರಾ ದಪ್ಪಗಿರುವವರು, ದೀರ್ಘಕಾಲದ ಶ್ವಾಸಕೋಶ ಕಾಯಿಲೆಯವರು ಇದನ್ನು ಹಗುರವಾಗಿ ಕಾಣಬಾರದು. ರಕ್ತದೊತ್ತಡವನ್ನೂ ನೋಡಿಸಿಕೊಳ್ಳಿ. ಜ್ವರ, ಕುತ್ತಿಗೆ ಬಿಗಿತ, ಗೊಂದಲ ಜೊತೆಗೂಡಿದ ತಲೆನೋವಿಗೆ ತುರ್ತು ಚಿಕಿತ್ಸೆ ಬೇಕು.

ವಿಚಿತ್ರ ವಾಸನೆ, ಟ್ಯೂಬಿನಲ್ಲಿ ಕಪ್ಪು ಪುಡಿ

ಹುಳಿ ಅಥವಾ ಬೂಷ್ಟಿನ ವಾಸನೆ ತೊಟ್ಟಿಯನ್ನು ತೊಳೆದರೆ ಹೋಗುತ್ತದೆ. ಸುಟ್ಟ ವಾಸನೆ ಬಂದರೆ ಪ್ಲಗ್ ಕಿತ್ತುಬಿಡಿ. ಕಪ್ಪು ಪುಡಿ ಕಂಡರೆ ಬಳಸುವುದನ್ನು ನಿಲ್ಲಿಸಿ, ವೈದ್ಯರಿಗೆ ಅಂದೇ ತಿಳಿಸಿ, ಯಂತ್ರದ ಕ್ರಮಸಂಖ್ಯೆ ಬರೆದಿಟ್ಟುಕೊಳ್ಳಿ. ಸದ್ದು ತಡೆಯಲು ಹಾಕಿದ್ದ ಫೋಮ್ ಪುಡಿಯಾಗಿ ಗಾಳಿಯಲ್ಲಿ ಬರಬಹುದೆಂಬ ಕಾರಣಕ್ಕೆ 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಲಕ್ಷಾಂತರ ಯಂತ್ರಗಳನ್ನು ಜಗತ್ತಿನಾದ್ಯಂತ ಹಿಂಪಡೆಯಬೇಕಾಯಿತು. ಓಜೋನ್ ಊದಿ ಶುಚಿಗೊಳಿಸುವ ಪೆಟ್ಟಿಗೆಗಳು ಆ ಫೋಮನ್ನು ಇನ್ನೂ ಬೇಗ ಕೆಡಿಸುತ್ತವೆ. ಓಜೋನ್ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಸೋಪು, ನೀರು ಸಾಕು. ಅಗ್ಗಕ್ಕೆ ಸಿಗುವ ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವ ಮುಂಚೆ ಅದು ಈ ಹಿಂಪಡೆದ ಪಟ್ಟಿಯದೇ ಎಂದು ಪರೀಕ್ಷಿಸಿ.

ವಿದ್ಯುತ್ತಿನ ಮಾತೂ ಇಲ್ಲೇ ಆಗಿಬಿಡಲಿ. ಕರೆಂಟು ಹೋದಾಗ ಮಾಸ್ಕಿನೊಳಗೆ ಉಸಿರು ಕಟ್ಟಿ ಸಾಯುತ್ತೇವೆಂಬ ಭಯ ಬೇಡ. ಬಾಯಿ ಮುಚ್ಚುವ ಮಾಸ್ಕುಗಳಲ್ಲಿ ಹೊರಗಾಳಿ ಬಿಡುವ ಕವಾಟವಿರುತ್ತದೆ. ಆದರೂ ಎಚ್ಚರವಾದರೆ ಮಾಸ್ಕ್ ತೆಗೆದಿಡಿ. ಇನ್ವರ್ಟರ್ ಕೊಳ್ಳುವವರು ಸೈನ್ ವೇವ್ ಮಾದರಿಯದನ್ನೇ ಕೊಳ್ಳಿ.

ಎಲ್ಲ ಸರಿಯಿದೆ, ಆದರೂ ಹಗಲಿನಲ್ಲಿ ತೂಕಡಿಕೆ

ಇದು ಕಷ್ಟದ ಭಾಗ. ತೂಕಡಿಕೆ ಇರುವವರೆಗೆ ವಾಹನ ಓಡಿಸಬೇಡಿ, ದ್ವಿಚಕ್ರವೂ ಸೇರಿ.

ಯಂತ್ರದ ಪರದೆಯಲ್ಲಿ ಅಥವಾ ಮೊಬೈಲ್ ಆ್ಯಪಿನಲ್ಲಿ ಮೂರು ಅಂಕಿ ನೋಡಿ. ಮೊದಲನೆಯದು ಬಳಸಿದ ಗಂಟೆಗಳು. ನಾಲ್ಕು ಗಂಟೆ ಸಾಕು ಎಂಬ ಮಾತು ವಿಮೆ ಲೆಕ್ಕಾಚಾರದಿಂದ ಹಬ್ಬಿದ್ದು. ಕನಸಿನ ನಿದ್ದೆ ಹೆಚ್ಚಾಗಿ ಬೀಳುವುದು ಬೆಳಗಿನ ಜಾವ, ಎಷ್ಟೋ ಜನರಿಗೆ ಉಸಿರು ಹೆಚ್ಚು ಕಟ್ಟುವುದೂ ಆಗಲೇ. ಮೂರು ಗಂಟೆಗೆ ಮಾಸ್ಕ್ ಕಿತ್ತಿಟ್ಟವರು ಬಹುಮುಖ್ಯ ಹೊತ್ತನ್ನೇ ಚಿಕಿತ್ಸೆಯಿಲ್ಲದೆ ಕಳೆಯುತ್ತಾರೆ. ಎರಡನೆಯದು ಸೋರಿಕೆ, ಅದು ಹೆಚ್ಚಿದ್ದರೆ ಮಾಸ್ಕ್ ಕೂರಿಸುವ ವಿಭಾಗಕ್ಕೆ ಹಿಂದಿರುಗಿ. ಮೂರನೆಯದು ಎ.ಎಚ್.ಐ., ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತಗ್ಗಿತು ಎಂಬ ಲೆಕ್ಕ. ಚಿಕಿತ್ಸೆಯಲ್ಲಿರುವಾಗ ಅದು 5ರೊಳಗೆ ಇರಬೇಕು. ಒಂದು ರಾತ್ರಿಯ ಅಂಕಿಗೆ ಹೌಹಾರಬೇಡಿ, ವಾರದ ಸರಾಸರಿ ನೋಡಿ.

ಸೋರಿಕೆಯಿಲ್ಲದೆಯೂ ಎ.ಎಚ್.ಐ. ಮೇಲೇ ಉಳಿದಿದ್ದರೆ ಅದರಲ್ಲಿ ಸೆಂಟ್ರಲ್ ಅಪ್ನಿಯಾ ಎಷ್ಟೆಂದು ಕೇಳಿ. ಇಲ್ಲಿ ಗಂಟಲು ತೆರೆದೇ ಇರುತ್ತದೆ, ಉಸಿರಾಡೆಂಬ ಆಜ್ಞೆಯೇ ಮಿದುಳಿನಿಂದ ಬರುವುದಿಲ್ಲ. ಸಿಪ್ಯಾಪ್ ಶುರುಮಾಡಿದ ಕೆಲವರಲ್ಲಿ ಇದು ಹೊಸದಾಗಿ ಕಾಣಿಸಿಕೊಂಡು, ಹೆಚ್ಚಿನವರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ತಾನೇ ತಗ್ಗುತ್ತದೆ. ಒತ್ತಡ ಏರಿಸಿದರೆ ಉಲ್ಬಣಿಸಬಹುದು. ಹೃದಯದ ಪಂಪಿಂಗ್ ಸಾಮರ್ಥ್ಯ ಕುಗ್ಗಿದವರಲ್ಲಿ, ಓಪಿಯಾಯ್ಡ್ (ಮಾರ್ಫಿನ್ ಬಗೆಯ) ನೋವುನಿವಾರಕ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಇದಕ್ಕೆಂದೇ ಎ.ಎಸ್.ವಿ. ಎಂಬ ಯಂತ್ರವಿದೆ, ಆದರೆ ಹೃದಯ ವೈಫಲ್ಯವಿದ್ದು ಪಂಪಿಂಗ್ ಪ್ರಮಾಣ (ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು) ಶೇ. 45 ಅಥವಾ ಅದಕ್ಕಿಂತ ಕಡಿಮೆಯಿರುವ, ಸೆಂಟ್ರಲ್ ಅಪ್ನಿಯಾವೇ ಮುಖ್ಯವಾಗಿರುವವರಲ್ಲಿ ಅದು ಹೃದಯ ಸಂಬಂಧಿ ಸಾವನ್ನು ಹೆಚ್ಚಿಸಿತೆಂದು 2015ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ತೋರಿಸಿತು. ವಿಡಿಯೊ ನೋಡಿ ಯಂತ್ರ ಬದಲಿಸಬೇಡಿ ಎನ್ನುವುದು ಇದಕ್ಕೇ.

ಮೂರೂ ಅಂಕಿ ಚೆನ್ನಾಗಿದ್ದೂ ತೂಕಡಿಕೆ ಹೋಗದಿದ್ದರೆ ಯಂತ್ರದ ತನಿಖೆ ಮುಗಿಯಿತು, ದೇಹದ ತನಿಖೆ ಆಗಬೇಕು: ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆ, ಖಿನ್ನತೆ, ಮಂಪರು ತರಿಸುವ ಮಾತ್ರೆಗಳು. ಅಥವಾ ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳುವ ದಿನಚರಿ. ಅದಕ್ಕೆ ಯಾವ ಯಂತ್ರವೂ ಇಲ್ಲ.

ವೈದ್ಯರ ಬಳಿ ಹೋಗುವಾಗ ಮಾಸ್ಕ್, ಟ್ಯೂಬ್, ಯಂತ್ರದ ಮೆಮೊರಿ ಕಾರ್ಡ್, ನಿದ್ದೆ ಪರೀಕ್ಷೆಯ ಹಳೆಯ ವರದಿ, ನುಂಗುವ ಮಾತ್ರೆಗಳ ಚೀಟಿ ಒಯ್ಯಿರಿ. ಜೊತೆಗೆ, ಪಕ್ಕದಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ. ಮಾಸ್ಕ್ ಹಾಕಿದ ಮೇಲೂ ಗೊರಕೆ ಬರುತ್ತದೆಯೇ, ಯಾವ ಹೊತ್ತಿಗೆ ಅದನ್ನು ಕಿತ್ತೆಸೆಯುತ್ತೀರಿ ಎಂಬುದು ಅವರಿಗೇ ಗೊತ್ತು. ಬೇರೆ ಯಾವುದೇ ಶಸ್ತ್ರಚಿಕಿತ್ಸೆಗೆ ದಾಖಲಾಗುವುದಿದ್ದರೆ ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಿ, ಯಂತ್ರವನ್ನು ಆಸ್ಪತ್ರೆಗೂ ತೆಗೆದುಕೊಂಡು ಹೋಗಿ.